ನಿಲ್ಲದ ಹಕ್ಕಿಯನ್ನು ನಿಲ್ಲಿಸಬೇಡಿ

ಇವತ್ತಿನದು ಸ್ವಲ್ಪ ಉದ್ದ ಇದೆ. ಕೆಲಸ ಮುಗಿಸಿ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ನೆಂಟರ ಮನೆ ಊಟದಲ್ಲಿ ಒಬ್ಬರು ಸಿಕ್ಕಿದ್ದರು. ಈ ಪುಟ ಓದುವವರೇ. "ತೋಟದ ಮಧ್ಯಾನೇ ಮನೆ ಇದೆ, ಕೈಯಲ್ಲಿ ಕ್ಯಾಮೆರಾನೂ ಇದೆ. ನವಿಲು ಹಾಕ್ತೀರಿ, ಮಂಗಟ್ಟೆ ಹಾಕ್ತೀರಿ. ಸಣ್ಣ ಹಕ್ಕಿಗಳದ್ದು ಒಂದಾದ್ರೂ ಚೆಂದದ ಫೋಟೋ ಹಾಕಲ್ವಲ್ರೀ, ಯಾಕೆ?" ಅಂತ ಕೇಳಿದರು.

"ನಂಗೆ ಸಿಗಲ್ಲ, ಅದಕ್ಕೇ ಹಾಕಲ್ಲ" ಅಂದೆ. ಅವರು ನಕ್ಕರು, ನಾನೂ ನಕ್ಕೆ. ಆದರೆ ಅದು ಪೂರ್ತಿ ಉತ್ತರ ಅಲ್ಲ. ಪೂರ್ತಿ ಹೇಳಬೇಕಾದರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಊಟದ ಪಂಕ್ತಿಯಲ್ಲಿ ಅದನ್ನು ಹೇಳಲಿಕ್ಕೆ ಬಾಯಿ ಬರಲಿಲ್ಲ. ಇಲ್ಲಿ ಬರೀತಿದೀನಿ. ಈಗ ಗೂಡು ಕಟ್ಟುವ ಕಾಲ ಬೇರೆ. ಬರೆಯೋದಿದ್ದರೆ ಈಗಲೇ ಬರೀಬೇಕು.

ಮೊದಲು, ಸಣ್ಣ ಹಕ್ಕಿ ಯಾಕೆ ಸಿಗಲ್ಲ ಅನ್ನುವುದರ ಲೆಕ್ಕ ಹೇಳ್ತೀನಿ.

ಹೋದ ಭಾನುವಾರ ಮಳೆ ಹೊಳವಾಗಿತ್ತು. ಕೊಳೆ ಔಷಧಿ ಹೊಡೆಯುವವರು ಬರುವುದು ಒಂಬತ್ತಕ್ಕೆ. ಅದಕ್ಕೆ ಮುಂಚೆ ಎರಡು ಗಂಟೆ ಸಿಗ್ತದಲ್ಲ ಅಂತ ಕ್ಯಾಮೆರಾ ಹಿಡ್ಕೊಂಡು ಹಿಂದಿನ ಬೇಲಿ ಹತ್ತಿರ ಕೂತೆ. ಔಷಧಿ ಕಲಸೋ ಹೊತ್ತಲ್ಲಿ ಹಕ್ಕಿ ಹಿಂದೆ ಹೊರಟೆ ಅಂತ ಅವ್ವನ ಹತ್ತಿರ ಬೈಸಿಕೊಂಡದ್ದೂ ಆಯ್ತು. ಬಂದು ಎಣಿಸಿದರೆ 214 ಫೋಟೋ. ಅದರಲ್ಲಿ ಬರೀ ಎಲೆ ಇದ್ದದ್ದು ನೂರರ ಹತ್ತಿರ. ಹಕ್ಕಿಯ ಬಾಲವೋ, ಅರ್ಧ ರೆಕ್ಕೆಯೋ ಇದ್ದದ್ದು ಐವತ್ತು ಚಿಲ್ಲರೆ. ಮಿಕ್ಕಿದ್ದರಲ್ಲಿ ಹಕ್ಕಿ ಇದೆ, ಆದರೆ ಒದ್ದೆ ಹತ್ತಿ ಉಂಡೆ ಥರ ಕಾಣ್ತದೆ. ಇಡೀ ಹಕ್ಕಿ ಇದ್ದು ಕಣ್ಣು ಸ್ಪಷ್ಟವಾಗಿ ಬಂದದ್ದು ಮೂರು. ಆ ಮೂರರಲ್ಲಿ ಎರಡಕ್ಕೆ ಕುತ್ತಿಗೆಗೆ ಅಡ್ಡ ಒಂದು ಕಡ್ಡಿ.

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, 400 ಎಂ.ಎಂ. ಲೆನ್ಸ್. ಒಂದು ವರ್ಷ ಅಡಿಕೆಗೆ ಒಳ್ಳೆ ರೇಟು ಬಂದಾಗ ತಗೊಂಡದ್ದು. ಇದರಲ್ಲಿ ಹತ್ತು ಮೀಟರ್ ದೂರಕ್ಕೆ ಕಣ್ಣಿಟ್ಟರೆ ಕಾಣುವ ಜಾಗದ ಅಗಲ ಸುಮಾರು 60 ಸೆಂಟಿಮೀಟರ್. ಎರಡಡಿಯ ಒಂದು ಕಿಟಕಿ ಅಂತಿಟ್ಟುಕೊಳ್ಳಿ. ಟುವ್ವಿ ಹಕ್ಕಿ ಬಾಲ ಸೇರಿಸಿ 13 ಸೆಂಟಿಮೀಟರ್, ಅಂದರೆ ಆ ಕಿಟಕಿಯ ಕಾಲುಭಾಗಕ್ಕೂ ಕಮ್ಮಿ. ಬದನಿಕೆ ಹಕ್ಕಿ ಇನ್ನೂ ಪುಟ್ಟದು, ಬರೀ 8 ಸೆಂಟಿಮೀಟರ್. ಸರಿ, ಹತ್ತಿರ ಹೋಗೋಣ ಅಂತ ಐದು ಮೀಟರಿಗೆ ಹೋದಿರಿ ಅನ್ನಿ. ಹಕ್ಕಿ ದೊಡ್ಡದಾಗಿ ಕಾಣ್ತದೆ, ಕಿಟಕಿ ಒಂದಡಿಗೆ ಇಳೀತದೆ. ಅದರ ಜೊತೆಗೆ ಇನ್ನೊಂದು ತಾಪತ್ರಯ. ಆ ದೂರದಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 4 ಸೆಂಟಿಮೀಟರ್ ಅಷ್ಟೇ. ಎರಡು ಬೆರಳಗಲ. ಹಕ್ಕಿ ಆ ಎರಡು ಬೆರಳಿನಿಂದ ಒಂಚೂರು ಹಿಂದೆ ಸರಿದರೆ ಅದರ ಮುಂದಿನ ಎಲೆಯ ನರ ಎಣಿಸಬಹುದು, ಹಕ್ಕಿ ಮಾತ್ರ ಮಂಜು.

ಇನ್ನು ವೇಗ. ಒಂದು ರೆಂಬೆಯಿಂದ ಇನ್ನೊಂದಕ್ಕೆ ಹಾರುವ ಹಕ್ಕಿ ಸೈಕಲ್ ತುಳಿದಷ್ಟು ವೇಗದಲ್ಲಿ, ಗಂಟೆಗೆ 18 ಕಿಲೋಮೀಟರ್‌ನಂತೆ ಹೋಗ್ತದೆ ಅಂತಲೇ ಹಿಡೀರಿ. ಸೆಕೆಂಡಿಗೆ ಐದು ಮೀಟರ್ ಆಯ್ತು. ಕಣ್ಣು ಕಂಡದ್ದು ತಲೆಗೆ ಹೋಗಿ, ತಲೆ ಬೆರಳಿಗೆ ಹೇಳಿ, ಬೆರಳು ಒತ್ತಲಿಕ್ಕೆ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಹಕ್ಕಿ ಒಂದು ಮೀಟರ್ ದಾಟಿತು. ನಮ್ಮ ಕಿಟಕಿ ಎರಡೇ ಅಡಿ. ಅಂದರೆ ಹಕ್ಕಿಯನ್ನು ಕಂಡು ಒತ್ತಿದರೆ ಸಿಗುವುದು ಹಕ್ಕಿ ಇದ್ದ ಜಾಗ. ನನ್ನ ಆ ನೂರು ಎಲೆ ಫೋಟೋಗಳ ಕಥೆ ಇಷ್ಟೇ.

ಕಿಟಕಿಯೊಳಗೇ ಇತ್ತು ಅಂದ್ಕೊಳ್ಳಿ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಹಕ್ಕಿ 5 ಮಿಲಿಮೀಟರ್ ಸರಿದಿರ್ತದೆ. ಅದರ ತಲೆ ಇರುವುದೇ ನಮ್ಮ ಹೆಬ್ಬೆರಳ ತುದಿಯಷ್ಟು. ಕಣ್ಣು ಗೀರಿದ ಹಾಗೆ ಬರ್ತದೆ. ಎರಡು ಸಾವಿರದ ಒಂದು ಭಾಗಕ್ಕೆ ಇಟ್ಟರೆ ಬೆಳಕು ಅರ್ಧಕ್ಕೆ ಇಳೀತದೆ. ಬಯಲಲ್ಲಾದರೆ ಹೇಗೋ ಆಗ್ತದೆ. ಅಡಿಕೆ ತೋಟದ ಒಳಗೆ, ಅದೂ ಮಳೆಗಾಲದ ಮೋಡದಲ್ಲಿ, ಬೆಳಕನ್ನು ಎಲ್ಲಿಂದ ತರೋದು?

ಮೊದಮೊದಲು ನನಗೆ ಹಕ್ಕಿ ಮೇಲೇ ಸಿಟ್ಟು ಬರ್ತಿತ್ತು. ಒಂದೇ ಒಂದು ಕ್ಷಣ ನಿಂತರೆ ಇದರ ಗಂಟೇನು ಹೋಗ್ತದೆ ಅಂತ.

ಗಂಟು ಹೋಗ್ತದೆ. ಅದು ಗೊತ್ತಾಗಲಿಕ್ಕೆ ನನಗೆ ಸುಮಾರು ದಿನ ಬೇಕಾಯ್ತು.

ಟುವ್ವಿ ಹಕ್ಕಿಯ ತೂಕ 6ರಿಂದ 10 ಗ್ರಾಂ. ಒಂದು ರೂಪಾಯಿಯ ಎರಡು ನಾಣ್ಯ ಅಂಗೈಯಲ್ಲಿಟ್ಟು ನೋಡಿ, ಹೆಚ್ಚುಕಮ್ಮಿ ಅಷ್ಟೇ. ಆ ಎರಡು ನಾಣ್ಯದ ಭಾರದೊಳಗೆ ಹೃದಯ, ಪುಪ್ಪುಸ, ಹೊಟ್ಟೆ ಎಲ್ಲಾ ಇರಬೇಕು. ಮೈ ಬಿಸಿ ನಮಗಿಂತ ಜಾಸ್ತಿ, 40 ಡಿಗ್ರಿಯ ಆಸುಪಾಸು. ಸಣ್ಣ ಲೋಟದ ಕಾಫಿ ಬೇಗ ಆರ್ತದೆ, ಹಂಡೆ ನೀರು ನಿಧಾನಕ್ಕೆ ಆರ್ತದೆ. ಇದೂ ಹಾಗೇ. ಮೈ ಸಣ್ಣದಾದಷ್ಟೂ ಒಳಗಿನ ಬಿಸಿ ಬೇಗ ಸೋರಿ ಹೋಗ್ತದೆ. ಆನೆಯೋ ಎಮ್ಮೆಯೋ ಒಂದು ಹೊತ್ತು ಮೇಯದಿದ್ದರೂ ನಡೆದೀತು. ಈ ಹಕ್ಕಿಗೆ ಒಲೆ ಆರದ ಹಾಗೆ ದಿನವಿಡೀ ಸೌದೆ ಒಟ್ಟುತ್ತಲೇ ಇರಬೇಕು. ಸೌದೆ ಅಂದರೆ ಎಲೆ ಅಡಿಯ ಹುಳ, ಜೇಡ, ಇರುವೆ ಮೊಟ್ಟೆ. ರಾತ್ರಿ ಪೂರ್ತಿ ಉಪವಾಸ. ಬೆಳಿಗ್ಗೆ ಏಳುವಾಗ ಹೊಟ್ಟೆ ಖಾಲಿ. ನಾವು ಒಳ್ಳೇ ಬೆಳಕು ಅಂತ ಕ್ಯಾಮೆರಾ ತಗೊಂಡು ಹೊರಡುವ ಹೊತ್ತೂ ಅದೇ.

ಚಳಿಗಾಲಕ್ಕೆ ನಮ್ಮ ತೋಟಕ್ಕೆ ಬರುವ ಎಲೆ ಉಲಿಯಕ್ಕಿಗಳದ್ದು ಇನ್ನೂ ಕಷ್ಟದ ಬದುಕು. ಅವೂ ಎಂಟು, ಹತ್ತು ಗ್ರಾಮಿನವೇ. ಹಿಮಾಲಯದಿಂದ, ಅದರ ಆಚೆಯಿಂದಲೂ ಹಾರಿ ಬರ್ತಾವೆ. ಮತ್ತೆ ವಾಪಸು ಹೋಗಬೇಕು. ನಾಲ್ಕೈದು ತಿಂಗಳು ನಮ್ಮ ಮಾವು, ಹಲಸಿನ ತುದಿಯಲ್ಲಿ ಹುಳ ಹೆಕ್ಕಿ ಮೈಗೆ ಸೇರಿಸಿಕೊಂಡರೆ ಆ ದಾರಿ ಸಾಗ್ತದೆ, ಇಲ್ಲಾಂದರೆ ಇಲ್ಲ.

ಹಕ್ಕಿ ನಿಲ್ಲದೇ ಇರೋದು ನಮ್ಮನ್ನು ಸತಾಯಿಸಲಿಕ್ಕಲ್ಲ. ನಿಂತರೆ ಅದರ ಹೊಟ್ಟೆ ನಡೆಯಲ್ಲ. ನಮಗೆ ಯಾವುದು ಕಷ್ಟವೋ ಅದೇ ಅದರ ಬದುಕು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ.

ಇಷ್ಟು ಚುರುಕಿನ ಹಕ್ಕಿ ಒಂದು ಜಾಗದಲ್ಲಿ ಮಾತ್ರ ನಿಲ್ತದೆ. ಗೂಡಿನಲ್ಲಿ. ಎಲ್ಲೇ ಹೋದರೂ ಅಲ್ಲಿಗೇ ಬರ್ತದೆ, ದಿನಕ್ಕೆ ಹತ್ತಾರು ಸಲ ಬರ್ತದೆ, ಬಂದು ಕೂರ್ತದೆ. ಫೋಟೋ ತೆಗೆಯುವವನಿಗೆ ಇದಕ್ಕಿಂತ ಸುಲಭ ಏನಿದೆ?

ಮೂರು ವರ್ಷದ ಹಿಂದಿನ ಶ್ರಾವಣ. ಹಿತ್ತಲಲ್ಲಿ ಅವ್ವ ಹಾಕಿದ್ದ ಬದನೆ ಸಾಲಿತ್ತು. ಕೊನೆಯ ಗಿಡದಲ್ಲಿ ಟುವ್ವಿ ಗೂಡು. ನೋಡಿದವರಿಗೆ ಗೊತ್ತು, ಅದೆಂಥ ಕೆಲಸ ಅಂತ. ಎರಡು ಎಲೆಯ ಅಂಚನ್ನು ಕೊಕ್ಕಿನಿಂದ ಚುಚ್ಚಿ, ಜೇಡರ ಬಲೆ, ಹತ್ತಿ, ನಾರು ಪೋಣಿಸಿ ಚೀಲದ ಹಾಗೆ ಹೊಲಿದಿರ್ತದೆ. ಅದಕ್ಕೇ ಸಿಂಪಿಗ ಅಂತ ಹೆಸರು. ಒಳಗೆ ಮೂರು ಮರಿ. ಮೇಲೆ ಇನ್ನೊಂದು ದೊಡ್ಡ ಎಲೆ ಕೊಡೆ ಹಿಡಿದ ಹಾಗೆ ಬಾಗಿತ್ತು.

ಗೂಡು ಇರುವುದು ಅವ್ವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಗೊತ್ತಾದ ದಿನದಿಂದ ಆ ಗಿಡದ ಕಾಯಿ ಕೊಯ್ಯುವುದನ್ನೇ ಬಿಟ್ಟಿದ್ದಳು. ಬದನೆಕಾಯಿ ಬಲಿತು ಹಳದಿ ಆಗ್ತಾ ಇದ್ದರೂ ಆ ಕಡೆ ಹೋಗಿರಲಿಲ್ಲ. ನನಗೂ ಹೇಳಿರಲಿಲ್ಲ. ಯಾಕೆ ಹೇಳಿರಲಿಲ್ಲ ಅಂತ ಆಮೇಲೆ ಅರ್ಥ ಆಯ್ತು.

ನಾನು ಐದಾರು ಮೀಟರ್ ದೂರದಲ್ಲಿ ಸ್ಟೂಲ್ ಹಾಕ್ಕೊಂಡು ಕೂತೆ. ಹಕ್ಕಿ ಬಂತು, ಗುಟುಕು ಕೊಟ್ಟಿತು, ಹೋಯ್ತು. ಆದರೆ ಆ ಮೇಲಿನ ಎಲೆಯ ನೆರಳು ಸರಿಯಾಗಿ ಗೂಡಿನ ಬಾಯಿ ಮೇಲೇ ಬೀಳ್ತಿತ್ತು. ತೆಗೆದದ್ದೆಲ್ಲಾ ಕಪ್ಪು. ಎದ್ದು ಹೋಗಿ ಬಾಳೆ ನಾರಲ್ಲಿ ಆ ಎಲೆಯನ್ನು ಹಿಂದಕ್ಕೆಳೆದು ಕಟ್ಟಿದೆ. ಕಡಿದಿಲ್ಲ, ಮುರಿದಿಲ್ಲ, ಕಟ್ಟಿದ್ದಷ್ಟೇ, ಆಮೇಲೆ ಬಿಚ್ಚಿದರಾಯ್ತು ಅಂತ ನನಗೆ ನಾನೇ ಹೇಳ್ಕೊಂಡೆ. ಫೋಟೋ ಚೆನ್ನಾಗೇ ಬಂತು. ಮೂರು ಕೆಂಪು ಬಾಯಿ, ಮೇಲೆ ತಾಯಿ, ಕೊಕ್ಕಲ್ಲಿ ಹಸಿರು ಹುಳ. ಅಷ್ಟರಲ್ಲಿ ಕೊಟ್ಟಿಗೆ ಕಡೆಯಿಂದ ಯಾರೋ ಕರೆದರು. ಹೋದೆ. ಸಂಜೆ ಮಳೆ ಬಂತು. ಎಲೆ ಬಿಚ್ಚುವುದು ಮರೆತೇ ಹೋಯ್ತು.

ಮಾರನೇ ದಿನ ಬೆಳಿಗ್ಗೆ ಬೇಲಿ ಮೇಲೆ ಕೆಂಬೂತ ಕೂತಿತ್ತು. ಟುವ್ವಿ ಎರಡೂ ಸುತ್ತಮುತ್ತ ಕೂಗ್ತಾ ಹಾರಾಡ್ತಿದ್ದವು. ಓಡಿ ಹೋಗಿ ನೋಡಿದರೆ ಹೊಲಿಗೆ ಒಂದು ಕಡೆ ಹರಿದು ಹತ್ತಿ ಹೊರಗೆ ಬಂದಿತ್ತು. ಒಳಗೆ ಏನೂ ಇರಲಿಲ್ಲ.

ಅವ್ವ ಬಂದು ನೋಡಿದಳು. ಬಾಳೆ ನಾರಿನ ಗಂಟನ್ನೂ ನೋಡಿದಳು. "ಅಲ್ಲೋ ತಮ್ಮಾ, ಅದ್ರ ಮನೆ ಬಾಗ್ಲು ತೆಗೆದಿಟ್ಟು ಬಂದ್ಯಲ್ಲೋ" ಅಂದಳು. ಬೈಯಲಿಲ್ಲ. ಗಂಟು ಬಿಚ್ಚಿ ನಾರನ್ನು ಬೇಲಿ ಆಚೆ ಎಸೆದು ಒಳಗೆ ಹೋದಳು.

ಕೆಂಬೂತದ ತಪ್ಪೇನಿಲ್ಲ. ಅದಕ್ಕೂ ಮರಿ ಇರ್ತದೆ. ನಾನು ಕಟ್ಟದಿದ್ದರೂ ಅದು ಗೂಡು ಕಂಡುಹಿಡೀತಿತ್ತೇನೋ ಅಂತ ಸಮಾಧಾನ ಹೇಳಿದವರಿದ್ದಾರೆ. ಇರಬಹುದು. ಆದರೆ ಎರಡು ವಾರಕ್ಕೂ ಹೆಚ್ಚು ದಿನ ಆ ಗೂಡು ಆ ಎಲೆಯ ಕೆಳಗೆ ಕ್ಷೇಮವಾಗಿತ್ತು. ಎಲೆ ತೆಗೆದ ಮೇಲೆ ಒಂದು ರಾತ್ರಿ ಕಳೀಲಿಲ್ಲ. ನನಗೆ ಲೆಕ್ಕ ಅಷ್ಟು ಸಾಕು.

ಆ ಫೋಟೋ ಈಗಲೂ ಕಂಪ್ಯೂಟರಿನಲ್ಲಿದೆ. ನಾನು ತೆಗೆದದ್ದರಲ್ಲಿ ಅಷ್ಟು ಸ್ಪಷ್ಟವಾದ ಸಣ್ಣ ಹಕ್ಕಿ ಫೋಟೋ ಇನ್ನೊಂದಿಲ್ಲ. ಎಲ್ಲೂ ಹಾಕಿಲ್ಲ, ಹಾಕುವುದೂ ಇಲ್ಲ. ಊಟದಲ್ಲಿ ಕೇಳಿದವರಿಗೆ ಹೇಳದೇ ಬಿಟ್ಟ ಮಾತು ಇದು.

ಇದರಿಂದ ನನಗೆ ಬಂದ ಅಭಿಪ್ರಾಯ ಗಟ್ಟಿಯಾಗಿದೆ, ನೇರವಾಗೇ ಹೇಳ್ತೀನಿ. ಗೂಡಿನ ಫೋಟೋ ತೆಗೆಯಬೇಡಿ. ಗೂಡಿನ ಹತ್ತಿರ ಹಕ್ಕಿ ನಿಲ್ಲುವುದು ನಮ್ಮನ್ನು ಒಪ್ಪಿಕೊಂಡು ಅಲ್ಲ, ಬಿಟ್ಟು ಹೋಗಲಿಕ್ಕಾಗದೆ. ಮನೆಯಲ್ಲಿ ಹಸಿ ಕೂಸು ಇರುವಾಗ ಬಾಗಿಲಲ್ಲಿ ಯಾರೋ ಅಪರಿಚಿತ ನಿಂತರೆ ತಾಯಿ ಓಡಿ ಹೋಗ್ತಾಳಾ? ಆ ನಿಲ್ಲುವಿಕೆಯನ್ನು ಬಳಸಿಕೊಂಡು ಫೋಟೋ ತೆಗೆದು "ಎಷ್ಟು ಸನಿಹದಿಂದ ಸಿಕ್ಕಿತು" ಅಂತ ಹೇಳ್ಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಕಷ್ಟದ ಕೆಲಸಕ್ಕೆ ಸುಲಭದ ದಾರಿ ಹಿಡಿದ ಹಾಗಾಯ್ತು, ಅದರ ಖರ್ಚನ್ನು ಹಕ್ಕಿ ತಲೆಗೆ ಹಾಕಿದ ಹಾಗಾಯ್ತು.

"ಹಿಂದಿನ ದೊಡ್ಡ ದೊಡ್ಡ ಛಾಯಾಗ್ರಾಹಕರೆಲ್ಲ ಗೂಡಿನ ಹತ್ತಿರವೇ ಅಲ್ವಾ ತೆಗೆದದ್ದು" ಅಂತ ಕೇಳ್ತಾರೆ. ನಿಜ. ಆಗಿನ ಫಿಲ್ಮು 25 ಎಎಸ್‌ಎ, 64 ಎಎಸ್‌ಎ. ಉದ್ದನೆಯ ಲೆನ್ಸ್ ಕಮ್ಮಿ, ಇದ್ದದ್ದೂ ನಿಧಾನ. ಹಕ್ಕಿ ಮತ್ತೆ ಮತ್ತೆ ಬರುವ ಜಾಗದಲ್ಲಿ ಮರೆ ಕಟ್ಟಿ ಕೂರದೆ ಅವರಿಗೆ ದಾರಿ ಇರಲಿಲ್ಲ. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಅಂತ ಹೆಸರಾಂತ ಪಕ್ಷಿ ಛಾಯಾಗ್ರಾಹಕ ಇದ್ದರು. 1937ರಲ್ಲಿ ಗೂಬೆ ಗೂಡಿನ ಹತ್ತಿರ ಕಟ್ಟಿದ್ದ ಮರೆಗೆ ಹೋಗುವಾಗ ಗೂಬೆ ಎರಗಿ ಒಂದು ಕಣ್ಣೇ ಹೋಯ್ತು. ಆಮೇಲೆ ಆತ್ಮಕಥೆ ಬರೆದಾಗ ಅದಕ್ಕೆ ಇಟ್ಟ ಹೆಸರು 'ಆನ್ ಐ ಫಾರ್ ಎ ಬರ್ಡ್', ಒಂದು ಹಕ್ಕಿಗಾಗಿ ಒಂದು ಕಣ್ಣು. ಅವರ ಧೈರ್ಯ ದೊಡ್ಡದು. ಆದರೆ ನನಗೆ ಅದರಲ್ಲಿ ಗೂಬೆಯ ಮಾತೂ ಕೇಳಿಸ್ತದೆ. ಗೂಡಿನ ಹತ್ತಿರ ಬರಬೇಡ ಅಂತ ದೊಡ್ಡ ಹಕ್ಕಿ ಹೇಳುವ ರೀತಿ ಅದು. ಎರಡು ನಾಣ್ಯದ ತೂಕದ ಟುವ್ವಿಗೆ ಹಾಗೆ ಹೇಳುವ ಶಕ್ತಿ ಇಲ್ಲ.

ಇವತ್ತು ನನ್ನ ಹಳೇ ಕ್ಯಾಮೆರಾದಲ್ಲೂ 3200 ಐಎಸ್‌ಓ ಇಟ್ಟರೆ ಫೋಟೋ ಬರ್ತದೆ. 25ಕ್ಕೆ ಹೋಲಿಸಿದರೆ 128 ಪಟ್ಟು. ಹೊಸವು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡ್ತವೆ. ಕೆಲವು, ನಾವು ಬಟನ್ ಒತ್ತುವುದಕ್ಕೆ ಸ್ವಲ್ಪ ಮುಂಚಿನ ಫೋಟೋಗಳನ್ನೂ ಹಿಡಿದಿಟ್ಟುಕೊಂಡಿರ್ತವೆ. ಹತ್ತು ಲಕ್ಷದ ಮೇಲಿನ ಲೆನ್ಸ್ ಹಿಡಿದವರೂ ಗೂಡನ್ನೇ ಹುಡುಕ್ತಾರೆ ಅಂದರೆ ಅದಕ್ಕೆ ಹಳಬರ ಕಾರಣ ಕೊಡಲಿಕ್ಕೆ ಬರಲ್ಲ. ಎಷ್ಟೋ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಈಗ ಗೂಡಿನ ಚಿತ್ರ ತಗೊಳ್ಳುವುದೇ ಇಲ್ಲ.

ಕಾನೂನಿನ ಮಾತೂ ಒಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಏನು ಅಂತ ವಿವರಿಸುವಾಗ, ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನು, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನು ಕೂಡ ಸೇರಿಸಿದ್ದಾರೆ. ಬಂದೂಕಿನವನನ್ನೂ ಬಾಳೆ ನಾರಿನವನನ್ನೂ ಒಂದೇ ಶಬ್ದದೊಳಗೆ ಕೂರಿಸಿದ್ದಾರೆ. ಮೊದಲ ಸಲ ಓದಿದಾಗ ನನಗೆ ನಾಚಿಕೆ ಆಯ್ತು.

ಗೂಡು ಬಿಟ್ಟರೆ ಇನ್ನೊಂದು ಸುಲಭದ ದಾರಿ, ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕುವುದು. ಹೋದ ವರ್ಷ ಪರಿಚಯದವರ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಒಳ್ಳೆ ಹುಡುಗ, ಹಕ್ಕಿಗಳ ಹೆಸರು ನನಗಿಂತ ಚೆನ್ನಾಗಿ ಗೊತ್ತು. ಜೇಬಿಂದ ಪುಟ್ಟ ಸ್ಪೀಕರ್ ತೆಗೆದು ದಾಸವಾಳದ ಗಿಡದಲ್ಲಿಟ್ಟು ಟುವ್ವಿಯ ಕೂಗು ಹಾಕಿದ. ಎರಡು ನಿಮಿಷಕ್ಕೆ ಗಂಡು ಹಕ್ಕಿ ಬಂತು. ಬಾಲ ನೆಟ್ಟಗೆ ಮಾಡಿ, ಗಂಟಲು ಉಬ್ಬಿಸಿ, ಅದರ ಸುತ್ತಲೇ ಕೂಗಿತು. ಅದರ ಲೆಕ್ಕದಲ್ಲಿ ಇನ್ನೊಂದು ಗಂಡು ತನ್ನ ಜಾಗಕ್ಕೆ ನುಗ್ಗಿದೆ. ಎದುರಾಳಿ ಕಾಣಲ್ಲ, ಕೂಗು ನಿಲ್ಲಲ್ಲ. ಕಾಲು ಗಂಟೆ ಹೊಟ್ಟೆಗೇನೂ ಇಲ್ಲದೆ ಒಂದು ಪ್ಲಾಸ್ಟಿಕ್ ಡಬ್ಬಿ ಜೊತೆ ಜಗಳ ಆಡಿತು. "ಸಾಕಪ್ಪ, ಆಫ್ ಮಾಡು" ಅಂದೆ. ಅವನು ಮಾಡಿದ. "ಒಂದು ಸಲಕ್ಕೆ ಏನಾಗಲ್ಲ ಅಣ್ಣಾ" ಅಂದ. ಇರಬಹುದು. ಆದರೆ ನಾಳೆ ಇನ್ನೊಬ್ಬ ಬರ್ತಾನೆ, ಅವನದೂ ಒಂದೇ ಸಲ. ಹೆಸರಾದ ಜಾಗಗಳಲ್ಲಿ ದಿನಕ್ಕೆ ಎಷ್ಟು ಜನರ 'ಒಂದು ಸಲ' ಆಗ್ತದೆ ಅಂತ ನೀವೇ ಲೆಕ್ಕ ಹಾಕಿ.

ಹಾಗಾದರೆ ತೆಗೆಯಲೇಬಾರದಾ? ತೆಗೀರಿ. ನಾನೂ ತೆಗೀತೀನಿ. ಬೆನ್ನು ಹತ್ತುವುದನ್ನು ಬಿಟ್ಟ ಮೇಲೆ ಸ್ವಲ್ಪ ಜಾಸ್ತಿನೇ ಸಿಗ್ತಾ ಇವೆ.

ಹಕ್ಕಿ ಹಿಂದೆ ಹೋಗಬಾರದು, ಅದು ಬರುವ ಜಾಗಕ್ಕೆ ಮೊದಲೇ ಹೋಗಿ ಕೂರಬೇಕು. ದಾಸವಾಳ, ಬಾಳೆ ಮೂತಿ, ಹಾಲುವಾಣ ಹೂ ಬಿಟ್ಟಾಗ ಸೂರಕ್ಕಿ ಬರಲೇಬೇಕು. ಮಾವಿನ ಮರಕ್ಕೆ ಬದನಿಕೆ ಹತ್ತಿದ್ದರೆ ನಾವು ಬೈತೀವಿ. ಅದರ ಹಣ್ಣಿಗೆ ಬದನಿಕೆ ಹಕ್ಕಿ ತಪ್ಪದೇ ಬರ್ತದೆ, ಹಕ್ಕಿಗೆ ಆ ಹೆಸರೇ ಅದರಿಂದ. ಕಳ್ಳಿಪೀರ ತಂತಿ ಮೇಲಿಂದ ಹಾರಿ ಹುಳ ಹಿಡಿದು ಬಹಳ ಸಲ ಅದೇ ತಂತಿಗೆ ವಾಪಸು ಬರ್ತದೆ. ಹೊಸದಾಗಿ ಕಲಿಯುವವರು ಅದರಿಂದಲೇ ಶುರುಮಾಡಿ. ತಂತಿಗೆ ಫೋಕಸ್ ಇಟ್ಟು, ಹೋದದ್ದನ್ನು ಹೋಗಲು ಬಿಟ್ಟು, ಬರುವುದನ್ನು ಕಾಯಿರಿ. ಸೆಪ್ಟೆಂಬರ್ ಹೊತ್ತಿಗೆ ಬರುವ ಬೂದು ಸಿಪಿಲೆ ತೋಟದ ಕಾಲುವೆ ಉದ್ದಕ್ಕೂ ನಡ್ಕೊಂಡು ಬರ್ತದೆ. ನಾವು ಅದರ ದಾರಿಯಲ್ಲಿ ಮುಂದೆ ಹೋಗಿ ಕೂತರೆ ಅದೇ ಹತ್ತಿರ ಬರ್ತದೆ, ಹಿಂದೆ ಹೋದರೆ ಹಾರಿ ಹೋಗ್ತದೆ.

ಬೆನ್ನಿಗೆ ಬಿಸಿಲು ಇರುವ ಹಾಗೆ ಕೂರಿ. ತೋಟದೊಳಗೆ ಬೇಡ, ಅಂಚಿನಲ್ಲಿ ಕೂರಿ, ಬೆಳಕೂ ಇರ್ತದೆ ಹಕ್ಕಿಯೂ ಇರ್ತದೆ. ದಿನಾ ಹಾಕುವ ಮಾಸಲು ಅಂಗಿನೇ ಸಾಕು. ಮೊದಲ ಇಪ್ಪತ್ತು ನಿಮಿಷ ಕ್ಯಾಮೆರಾ ಎತ್ತಬೇಡಿ. ಅಷ್ಟರಲ್ಲಿ ನೀವು ಅಲ್ಲಿನ ಒಂದು ಕುಂಟೆ ಆಗಿರ್ತೀರಿ. ತಿನ್ನುತ್ತಿದ್ದ ಹಕ್ಕಿ ತಿನ್ನುವುದು ಬಿಟ್ಟು ನಿಮ್ಮನ್ನೇ ನೋಡಿ ಚಿರಿಚಿರಿ ಅಂದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತಲೇ ಅರ್ಥ. ಹಿಂದೆ ಸರೀರಿ. ಕೊಕ್ಕಲ್ಲಿ ಹುಳ ಇಟ್ಟುಕೊಂಡು, ನುಂಗದೆ, ಎಲ್ಲಿಗೂ ಹೋಗದೆ ಕೂಗ್ತಾ ಇದ್ದರೆ ಹತ್ತಿರದಲ್ಲೇ ಗೂಡಿದೆ, ನಿಮ್ಮಿಂದಾಗಿ ಮರಿ ಹಸಿದಿದೆ. ಎದ್ದು ಮನೆಗೆ ಬನ್ನಿ. ನನಗೆ ಆವತ್ತು ಇಷ್ಟೂ ಗೊತ್ತಿರಲಿಲ್ಲ.

ಮನೆ ಜಗಲಿ ಮಾಡಿಗೇ ಸೂರಕ್ಕಿ ಗೂಡು ನೇತುಹಾಕಿದರೆ ಏನ್ಮಾಡೋದು ಅಂತ ಕೇಳ್ತೀರಿ. ಅದು ನಮ್ಮ ಓಡಾಟ ನೋಡೇ ಅಲ್ಲಿ ಕಟ್ಟಿರ್ತದೆ. ದಿನಾ ಓಡಾಡುವ ಹಾಗೇ ಓಡಾಡಿ, ಕಿಟಕಿಯೊಳಗಿಂದ ನೋಡಿ ಖುಷಿಪಡಿ. ಲೈಟು, ಫ್ಲಾಶು, ಏಣಿ ಬೇಡ. ಮಕ್ಕಳಿಗೆ ಗೂಡು ತೋರಿಸಬೇಕು ಅಂದರೆ ಮರಿ ಹಾರಿ ಹೋದ ಮೇಲಿನ ಖಾಲಿ ಗೂಡು ತೋರಿಸಿ. ಹೊಲಿಗೆ ಅದರಲ್ಲೂ ಅಷ್ಟೇ ಚೆನ್ನಾಗಿ ಕಾಣ್ತದೆ.

ಇನ್ನೊಂದು ಆಕ್ಷೇಪ ಇದೆ, ಅದನ್ನು ನನಗೆ ನಾನೇ ಹಾಕ್ಕೊಂಡಿದ್ದೀನಿ. ಔಷಧಿ ಹೊಡೆಯುವವರು ನಾವು, ಬೇಲಿ ಕಡಿಯುವವರು ನಾವು. ಅದರ ಮುಂದೆ ಒಂದು ಎಲೆ ಕಟ್ಟಿದ್ದು ಯಾವ ಮಹಾ?

ಇದು ಸುಳ್ಳಲ್ಲ. ರಸ್ತೆ ಕಡೆಯ ಹಳೇ ಬೇಲಿಯನ್ನು ನಾನೇ ಜೆಸಿಬಿ ತರಿಸಿ ಕೀಳಿಸಿ, ಸಿಮೆಂಟ್ ಕಂಬ ಹಾಕಿ ತಂತಿ ಎಳೆಸಿದ್ದು. ನೋಡಲಿಕ್ಕೆ ಲಕ್ಷಣವಾಗಿದೆ. ಆ ತಂತಿ ಮೇಲೆ ಕಳ್ಳಿಪೀರ, ಕಾಜಾಣ ಕೂರ್ತವೆ, ಅಷ್ಟೇ. ಟುವ್ವಿ, ಉಲಿಯಕ್ಕಿ, ಬೆಳ್ಗಣ್ಣ ಒಂದೂ ಆ ಕಡೆ ಇಲ್ಲ. ಹಿಂದಿನ ಬೇಲಿ ಮಾತ್ರ ಹಾಗೇ ಇದೆ. ಗೊಬ್ಬರದ ಗಿಡ, ದಾಸವಾಳ, ಮುಳ್ಳುಕಂಟಿ, ಅದರ ಮೇಲೆ ಹಬ್ಬಿದ ತೊಂಡೆ ಬಳ್ಳಿ. ನನ್ನ 214 ಫೋಟೋನೂ ಅಲ್ಲಿಯವೇ. ಎರಡು ಬೇಲಿಗೆ ಎಷ್ಟು ವ್ಯತ್ಯಾಸ ಅಂತ ನನಗೆ ತೋರಿಸಿಕೊಟ್ಟದ್ದು ಈ ಕ್ಯಾಮೆರಾ. ಸಣ್ಣ ಹಕ್ಕಿ ಫೋಟೋ ತೆಗೆಯಲಿಕ್ಕೆ ಹೊರಟವನು ಫೋಟೋ ಸಿಗದಿದ್ದರೂ ಇಷ್ಟನ್ನು ಕಲೀತಾನೆ. ಅದಕ್ಕೇ ಈ ಹುಚ್ಚು ಬಿಡಿ ಅಂತ ಯಾರಿಗೂ ಹೇಳಲ್ಲ. ದೊಡ್ಡ ತಪ್ಪು ಇದೆ ಅಂತ ಸಣ್ಣ ತಪ್ಪನ್ನು ಮಾಫಿ ಮಾಡಲಿಕ್ಕೂ ಆಗಲ್ಲ. ಎರಡೂ ನನ್ನವೇ. ಒಂದನ್ನು ಬಿಟ್ಟಿದ್ದೀನಿ. ಇನ್ನೊಂದಕ್ಕೆ ಈ ಮಳೆಯಲ್ಲಿ ತಂತಿ ಉದ್ದಕ್ಕೂ ಗೊಬ್ಬರದ ಗಿಡದ ಗೂಟ, ದಾಸವಾಳದ ಕಡ್ಡಿ ನೆಟ್ಟಿದ್ದೀನಿ. ಅರ್ಧಕ್ಕರ್ಧ ಚಿಗುರಿವೆ.

ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿ ಫೋಟೋ ತೆಗೆದು ಪುಸ್ತಕ ಮಾಡಿದ್ದು ನಿಮಗೆಲ್ಲ ಗೊತ್ತು. ಅವರಷ್ಟು ತಾಳ್ಮೆ ನಮಗಿಲ್ಲದಿರಬಹುದು. ಆದರೆ ದಿನಾ ಅದೇ ಬೇಲಿ, ಅದೇ ಮರ, ಅದೇ ಕಾಲುವೆ ಹತ್ತಿರ ಓಡಾಡುವ ಭಾಗ್ಯ ರೈತರಿಗೆ ಇದ್ದ ಹಾಗೆ ಬೇರೆ ಯಾರಿಗೂ ಇಲ್ಲ. ಪೇಟೆಯವರು ನೂರಾರು ಕಿಲೋಮೀಟರ್ ಬಂದು ಒಂದು ಬೆಳಿಗ್ಗೆಯಲ್ಲಿ ಫೋಟೋ ಮುಗಿಸಬೇಕು, ಅವರಿಗೆ ಅವಸರ. ನಮಗೇನು ಅವಸರ? ಇವತ್ತು ಸಿಗದಿದ್ದರೆ ನಾಳೆ ಹುಲ್ಲು ಕೊಯ್ಯಲಿಕ್ಕೆ ಹೇಗೂ ಆ ಕಡೆಗೇ ಹೋಗಬೇಕು.

ಈ ಸಲ ಅವ್ವ ಮತ್ತೆ ಬದನೆ ಹಾಕಿದ್ದಾಳೆ. ನಾಲ್ಕು ದಿನದಿಂದ ಮೂರನೇ ಗಿಡದ ಕಾಯಿ ಕೊಯ್ತಾ ಇಲ್ಲ. ನಾನು ಏನೂ ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಹಿತ್ತಲ ಬಾಗಿಲಿಂದ ಹೊರಗೆ ಹೋಗುವುದಿದ್ದರೆ ಕೊಟ್ಟಿಗೆ ಸುತ್ತಿ ಹೋಗ್ತಿದ್ದೀನಿ.

ಈ ಬರಹದ ಜೊತೆ ಹಾಕಿರುವುದು ಭಾನುವಾರದ ಆ ಮೂರರಲ್ಲಿ ಒಂದು, ಕುತ್ತಿಗೆಗೆ ಕಡ್ಡಿ ಅಡ್ಡ ಬಂದದ್ದು. ಬೇಲಿಯದು, ಗೂಡಿನ ಹತ್ತಿರದ್ದಲ್ಲ. ನಮ್ಮ ಕಡೆ ಇದಕ್ಕೆ ಟುವ್ವಿ ಅಂತೀವಿ, ಸಿಂಪಿಗ ಅಂತಲೂ ಅಂತಾರೆ. ನಿಮ್ಮೂರಲ್ಲಿ ಏನಂತ ಕರೀತೀರಿ, ಯಾವ ಗಿಡದ ಎಲೆ ಹೊಲಿದದ್ದು ನೋಡಿದ್ದೀರಿ, ಬರೀರಿ. ಫೋಟೋ ಇಲ್ಲದಿದ್ದರೂ ಪರವಾಗಿಲ್ಲ.